ಸಣ್ಣ ಊರಿನ ಎಎಂ ರೇಡಿಯೋ ಕೇಂದ್ರದ ಚರಿತ್ರೆಯನ್ನು ಬರೆಯುವ ಬಗೆ

ಅಮೆರಿಕದ ಸಣ್ಣ ಊರುಗಳಲ್ಲಿ ಎಪ್ಪತ್ತು ಎಂಬತ್ತು ವರ್ಷಗಳಿಂದ, ಕೆಲವೆಡೆ ನೂರು ವರ್ಷಗಳಿಂದ, ಪ್ರಸಾರ ಮಾಡುತ್ತ ಬಂದಿರುವ ಎಎಂ, ಅಂದರೆ ಮಧ್ಯಮ ತರಂಗದ, ರೇಡಿಯೋ ಕೇಂದ್ರಗಳಿವೆ. ಅವುಗಳಲ್ಲಿ ಬಹುಪಾಲು ಕೇಂದ್ರಗಳು ಹಲವು ಮಾಲೀಕರ ಕೈ ದಾಟಿವೆ. ಅವು ಬಿತ್ತರಿಸುವ ಕಾರ್ಯಕ್ರಮಗಳ ಸ್ವರೂಪ, ಅಂದರೆ ಅಲ್ಲಿನವರು ಫಾರ್ಮ್ಯಾಟ್ ಎನ್ನುವುದು, ಅದಕ್ಕಿಂತಲೂ ಹೆಚ್ಚು ಬಾರಿ ಬದಲಾಗಿದೆ. ಇಂಥ ಒಂದು ಕೇಂದ್ರದ ಚರಿತ್ರೆಯನ್ನು ಬರೆಯಲು ಹೊರಡುವವರು ಮೊದಲು ಒಂದು ಸಂಗತಿಯನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಒಡೆತನದ ದಾಖಲೆ ಇರುವುದು ವಾಷಿಂಗ್ಟನ್ನಿನ ಸರ್ಕಾರಿ ಕಡತದಲ್ಲಿ. ಕಾರ್ಯಕ್ರಮದ ದಾಖಲೆ ಉಳಿದಿದ್ದರೆ ಅದು ಮುಖ್ಯವಾಗಿ ಆ ಊರಿನಲ್ಲಿ. ಒಂದನ್ನು ಹುಡುಕುವ ಜಾಗದಲ್ಲಿ ಇನ್ನೊಂದು ಸಿಗುವುದು ಅಪರೂಪ. ಎರಡನ್ನೂ ಬೇರೆ ಬೇರೆಯಾಗಿ ಹುಡುಕಿ, ಆಮೇಲೆ ತಾಳೆ ನೋಡಿ ಜೋಡಿಸುವುದೇ ಈ ಕೆಲಸದ ತಿರುಳು.

ಹೀಗಾಗಲು ಕಾನೂನೇ ಕಾರಣ. 1934ರ ಕಮ್ಯುನಿಕೇಷನ್ಸ್ ಆ್ಯಕ್ಟ್‌ನ 310ನೆಯ ವಿಧಿಯ ಪ್ರಕಾರ, ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿ, ಒಪ್ಪಿಗೆ ಕೊಡದೆ ಯಾವ ಕೇಂದ್ರದ ಪರವಾನಗಿಯೂ ಕೈ ಬದಲಾಗುವಂತಿಲ್ಲ. ಆದ್ದರಿಂದ ಪ್ರತಿಯೊಂದು ಮಾರಾಟಕ್ಕೂ ಅರ್ಜಿ, ಆದೇಶ, ದಿನಾಂಕಗಳು ಹುಟ್ಟಿಕೊಳ್ಳುತ್ತವೆ. ಕಾರ್ಯಕ್ರಮದ ಸ್ವರೂಪಕ್ಕೆ ಇಂಥ ಒಪ್ಪಿಗೆ ಬೇಕಿಲ್ಲ. ಮನರಂಜನೆಯ ಸ್ವರೂಪವನ್ನು ಮಾರುಕಟ್ಟೆಗೇ ಬಿಡುವುದಾಗಿ ಎಫ್‌ಸಿಸಿ 1976ರಲ್ಲಿ ಸಾರಿತು. ನ್ಯೂಯಾರ್ಕ್‌ನ ಡಬ್ಲ್ಯುಎನ್‌ಸಿಎನ್ ಕೇಂದ್ರದಲ್ಲಿ ಶಾಸ್ತ್ರೀಯ ಸಂಗೀತ ಉಳಿಯಬೇಕೆಂದು ಹೋರಾಡಿದ ಕೇಳುಗರ ಸಂಘವು ಆ ನಿಲುವನ್ನು ಪ್ರಶ್ನಿಸಿದಾಗ, 1981ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಎಫ್‌ಸಿಸಿಯ ನಿಲುವನ್ನೇ ಎತ್ತಿಹಿಡಿಯಿತು. ಹಾಗಾಗಿ ಹಳ್ಳಿಹಾಡು ಬಿತ್ತರಿಸುತ್ತಿದ್ದ ಕೇಂದ್ರವೊಂದು ಬೆಳಗಾಗುವುದರೊಳಗೆ ಧಾರ್ಮಿಕ ಪ್ರವಚನಕ್ಕೆ ತಿರುಗಿದರೂ ಪರವಾನಗಿಯ ಕಡತದಲ್ಲಿ ಒಂದು ಗೆರೆಯೂ ಬೀಳದೆ ಇರಬಹುದು.

ಕನ್ನಡದ ಓದುಗರಿಗೆ ಪರವಾನಗಿಯ ಮಾರಾಟವೆಂಬುದೇ ಅಪರಿಚಿತ ಎನಿಸಬಹುದು, ಏಕೆಂದರೆ ನಮ್ಮಲ್ಲಿ ಮಧ್ಯಮ ತರಂಗವೆಂದರೆ ಆಕಾಶವಾಣಿ, ಆಕಾಶವಾಣಿಯೆಂದರೆ ಸರ್ಕಾರ. ಆದರೂ ಒಡೆತನ ಬದಲಾದ ಕೇಂದ್ರ ನಮ್ಮಲ್ಲಿಯೇ ಇತ್ತು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಖಾಸಗಿ ಕೇಂದ್ರವು ಮುಂದೆ ಪುರಸಭೆಯ, ಆಮೇಲೆ ಮೈಸೂರು ಸಂಸ್ಥಾನದ ಕೈಗೆ ಬಂದು, 1950ರಲ್ಲಿ ಆಲ್ ಇಂಡಿಯಾ ರೇಡಿಯೋಗೆ ಸೇರಿತು. ಅಲ್ಲಿ ನಡೆದದ್ದು ಮಾರಾಟವಲ್ಲ, ಹಸ್ತಾಂತರ. ಅಮೆರಿಕದ ಕೇಂದ್ರಗಳಲ್ಲಿ ಪ್ರತಿ ಹಸ್ತಾಂತರದ ಹಿಂದೆಯೂ ಬೆಲೆ, ಸಾಲ, ಮರಣ, ದಿವಾಳಿ ಇವುಗಳಲ್ಲಿ ಒಂದು ಇರುವುದು ಸಾಮಾನ್ಯ. ಕಡತವನ್ನು ಓದುವಾಗ ಈ ವ್ಯತ್ಯಾಸ ನೆನಪಿನಲ್ಲಿರಬೇಕು.

ಈ ಮಾರ್ಗದರ್ಶಿಯ ಉದ್ದಕ್ಕೂ ಅಯೋವಾ ರಾಜ್ಯದ ನೈಋತ್ಯ ಮೂಲೆಯಲ್ಲಿರುವ ಷೆನಂಡೋವಾ ಎಂಬ ಊರನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬಿತ್ತನೆ ಬೀಜ ಮತ್ತು ಸಸಿಗಳ ವ್ಯಾಪಾರಕ್ಕೆ ಹೆಸರಾದ ಈ ಊರಿನಲ್ಲಿ ಹೆನ್ರಿ ಫೀಲ್ಡ್ ಅವರ ಬೀಜದ ಕಂಪನಿ 1924ರಲ್ಲಿ ಕೆಎಫ್‌ಎನ್‌ಎಫ್ ಕೇಂದ್ರವನ್ನು ಆರಂಭಿಸಿತು. ಮರುವರ್ಷವೇ ಅವರ ವ್ಯಾಪಾರದ ಪ್ರತಿಸ್ಪರ್ಧಿ ಅರ್ಲ್ ಮೇ ಅವರು ಕೆಎಂಎ ಕೇಂದ್ರವನ್ನು ತೆರೆದರು. ಒಂದೇ ಊರು, ಒಂದೇ ವ್ಯಾಪಾರ, ಒಂದೇ ಕಾಲ. ಆದರೆ ಮುಂದಿನ ದಾರಿ ಪೂರ್ತಿ ಬೇರೆ. ಒಡೆತನಕ್ಕೂ ಕಾರ್ಯಕ್ರಮಕ್ಕೂ ಇರುವ ನಂಟನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜೋಡಿ ನನಗೆ ತಿಳಿದಿಲ್ಲ.

ಮೊದಲು ಕೇಂದ್ರದ ಗುರುತು

ನೀವು ಬರೆಯಲಿರುವ ಕೇಂದ್ರ ಯಾವುದು ಎಂಬುದನ್ನು ಖಚಿತಪಡಿಸಿಕೊಳ್ಳುವುದು ಕಾಣುವಷ್ಟು ಸುಲಭವಲ್ಲ. ಹೆಚ್ಚಿನವರು ಕಾಲ್ ಸೈನ್ ಎಂದು ಕರೆಯುವ ಮೂರು ನಾಲ್ಕು ಅಕ್ಷರಗಳನ್ನೇ ಕೇಂದ್ರದ ಗುರುತೆಂದು ಭಾವಿಸುತ್ತಾರೆ. ಅವು ಬರಿಯ ಹೆಸರು. ಹೊಸ ಮಾಲೀಕರು ಅದನ್ನು ಬದಲಾಯಿಸಬಹುದು, ಬಿಟ್ಟ ಹೆಸರನ್ನು ಬೇರೊಬ್ಬರು ಪಡೆಯಬಹುದು. ಷೆನಂಡೋವಾದ ಕೆಎಫ್‌ಎನ್‌ಎಫ್ ಮುಂದೆ ಫ್ಯಾಮಿಲಿ ರೇಡಿಯೋ ಎಂಬ ಕ್ರೈಸ್ತ ಧಾರ್ಮಿಕ ಜಾಲದ ಕೈಗೆ ಬಂದು ಕೆವೈಎಫ್‌ಆರ್ ಆಯಿತು. ಕೆಎಫ್‌ಎನ್‌ಎಫ್ ಎಂಬ ಅಕ್ಷರಗಳು ಆಮೇಲೆ ಕಾನ್ಸಸ್ ರಾಜ್ಯದ ಓಬರ್ಲಿನ್ ಎಂಬ ಊರಿನ ಎಫ್‌ಎಂ ಕೇಂದ್ರಕ್ಕೆ ಸಂದವು. ಕಾಲ್ ಸೈನನ್ನೇ ನಂಬಿ ಹುಡುಕುವವರು ಅಯೋವಾದ ಅರ್ಧ ಚರಿತ್ರೆಗೆ ಕಾನ್ಸಸ್ಸಿನ ಅರ್ಧ ಚರಿತ್ರೆಯನ್ನು ಅಂಟಿಸಿಬಿಡುವ ಅಪಾಯವಿದೆ. ಎಫ್‌ಸಿಸಿ ಪ್ರತಿ ಕೇಂದ್ರಕ್ಕೂ ಫೆಸಿಲಿಟಿ ಐಡಿ ಎಂಬ ಸಂಖ್ಯೆಯನ್ನು ಕೊಟ್ಟಿದೆ. ಹೆಸರು ಬದಲಾದರೂ ಮಾಲೀಕರು ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ನಿಮ್ಮ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಆ ಸಂಖ್ಯೆಯನ್ನು ಬರೆದುಕೊಳ್ಳಿ.

ಆವರ್ತನದ ವಿಷಯದಲ್ಲಿಯೂ ಎಚ್ಚರ ಬೇಕು. 1941ರ ಮಾರ್ಚ್ 29ರಂದು ಉತ್ತರ ಅಮೆರಿಕದ ದೇಶಗಳ ನಡುವಿನ ಒಪ್ಪಂದವೊಂದು ಜಾರಿಗೆ ಬಂದು, ಅಲ್ಲಿನ ನೂರಾರು ಕೇಂದ್ರಗಳು ಒಂದೇ ದಿನ ಹೊಸ ಆವರ್ತನಕ್ಕೆ ಸರಿದವು. ಕೆಎಫ್‌ಎನ್‌ಎಫ್ 890ರಿಂದ 920 ಕಿಲೋಹರ್ಟ್ಸ್‌ಗೆ, ಕೆಎಂಎ 930ರಿಂದ 960 ಕಿಲೋಹರ್ಟ್ಸ್‌ಗೆ ಹೋದದ್ದು ಹೀಗೆಯೇ. ಇದನ್ನು ತಿಳಿಯದವರು 1940ರ ಪಟ್ಟಿಯನ್ನೂ 1942ರ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು, ಮಾಲೀಕರೇ ಆವರ್ತನವನ್ನು ಬದಲಾಯಿಸಿಕೊಂಡರೆಂದು ಬರೆಯುವ ಸಾಧ್ಯತೆ ಇದೆ. ಕಾಲ್ ಸೈನಿನ ಮೊದಲ ಅಕ್ಷರವೂ ಸುಳಿವು ಕೊಡುತ್ತದೆ: ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಡಬ್ಲ್ಯು, ಪಶ್ಚಿಮಕ್ಕೆ ಕೆ. ಆದರೆ ಈ ಗಡಿಯನ್ನು 1923ರಲ್ಲಿ ಸರಿಸಿದ್ದರಿಂದ, ಅದಕ್ಕೂ ಮೊದಲು ಹುಟ್ಟಿದ ಅಯೋವಾದ ಡಬ್ಲ್ಯುಒಸಿಯಂಥ ಕೇಂದ್ರಗಳು ನದಿಯ ಪಶ್ಚಿಮಕ್ಕಿದ್ದರೂ ಹಳೆಯ ಅಕ್ಷರವನ್ನೇ ಉಳಿಸಿಕೊಂಡಿವೆ.

ಮೂರನೆಯದು ಊರು. ಪರವಾನಗಿ ಯಾವ ಊರಿನ ಹೆಸರಿನಲ್ಲಿದೆಯೋ ಕೇಂದ್ರ ಎಂದೆಂದೂ ಆ ಊರಿನಲ್ಲಿಯೇ ಇತ್ತೆಂದು ಭಾವಿಸಬಾರದು. ಕಾನ್ಸಸ್ಸಿನ ಮಿಲ್‌ಫರ್ಡ್ ಎಂಬ ಹಳ್ಳಿಯಲ್ಲಿ ಜಾನ್ ಬ್ರಿಂಕ್ಲಿ 1923ರಲ್ಲಿ ಕೆಎಫ್‌ಕೆಬಿ ಕೇಂದ್ರವನ್ನು ತೆರೆದು, ಮೇಕೆಯ ವೃಷಣಗ್ರಂಥಿಯ ಕಸಿಯಂಥ ಮೋಸದ ಚಿಕಿತ್ಸೆಯನ್ನು ಅದರಲ್ಲಿ ಪ್ರಚಾರ ಮಾಡುತ್ತಿದ್ದ. 1930ರಲ್ಲಿ, ಎಫ್‌ಸಿಸಿಗಿಂತ ಹಿಂದೆ ಅದೇ ಕೆಲಸ ಮಾಡುತ್ತಿದ್ದ ಫೆಡರಲ್ ರೇಡಿಯೋ ಕಮಿಷನ್ ಅವನ ಪರವಾನಗಿಯನ್ನು ನವೀಕರಿಸಲು ನಿರಾಕರಿಸಿತು. ಕೇಂದ್ರವನ್ನು ಕೊಂಡದ್ದು ವಿಚಿಟಾದ ಫಾರ್ಮರ್ಸ್ ಆ್ಯಂಡ್ ಬ್ಯಾಂಕರ್ಸ್ ಎಂಬ ಜೀವವಿಮಾ ಕಂಪನಿ; ಹೆಸರು ಕೆಎಫ್‌ಬಿಐ ಆಯಿತು, ಕೇಂದ್ರವೂ ಕೊನೆಗೆ ವಿಚಿಟಾ ನಗರಕ್ಕೇ ಹೋಯಿತು. ಮಾಲೀಕ, ಹೆಸರು, ಊರು, ಕಾರ್ಯಕ್ರಮ ಎಲ್ಲವೂ ಬದಲಾಗಿದ್ದರೂ ಪರವಾನಗಿಯ ಎಳೆ ಮಾತ್ರ ಒಂದೇ. ಆ ಎಳೆಯನ್ನು ಹಿಡಿಯುವುದೇ ನಿಮ್ಮ ಮೊದಲ ಕೆಲಸ.

ಒಡೆತನದ ಕಡತವನ್ನು ಓದುವುದು

ಎಫ್‌ಸಿಸಿಯು ತನ್ನ ಹಳೆಯ ಹಿಸ್ಟರಿ ಕಾರ್ಡುಗಳನ್ನು ಸ್ಕ್ಯಾನ್ ಮಾಡಿ ಅಂತರಜಾಲದಲ್ಲಿ ಇರಿಸಿದೆ. 1927ರಿಂದ ಸುಮಾರು 1980ರವರೆಗೆ ಪ್ರತಿ ಕೇಂದ್ರಕ್ಕೂ ಗುಮಾಸ್ತರು ಇಂಥ ಕಾರ್ಡುಗಳನ್ನು ತುಂಬುತ್ತಿದ್ದರು. ನಮ್ಮ ಕಂದಾಯ ಇಲಾಖೆಯ ಮ್ಯುಟೇಷನ್ ವಹಿಯನ್ನು ಓದಿ ಬಲ್ಲವರಿಗೆ ಈ ಕಾರ್ಡುಗಳ ರೀತಿ ಬೇಗ ಒಗ್ಗುತ್ತದೆ: ಎಡಗಡೆ ದಿನಾಂಕ, ಅರ್ಜಿಯ ಸಂಖ್ಯೆ, ಆಮೇಲೆ ಯಾರಿಂದ ಯಾರಿಗೆ, ಎಷ್ಟು ವ್ಯಾಟ್, ಯಾವ ಹೊತ್ತು. ಅಕ್ಷರಗಳು ಮಸುಕಾಗಿರುತ್ತವೆ, ಸಂಕ್ಷೇಪಗಳು ತುಂಬಿರುತ್ತವೆ. ಒಂದು ಕೇಂದ್ರದ ಕಾರ್ಡುಗಳಿಗೆ ಒಂದು ಸಂಜೆಯನ್ನಾದರೂ ಮೀಸಲಿಡಬೇಕು. 1927ಕ್ಕಿಂತ ಹಿಂದಿನ ಕೇಂದ್ರವಾದರೆ ವಾಣಿಜ್ಯ ಇಲಾಖೆಯು ತಿಂಗಳಿಗೊಮ್ಮೆ ಹೊರಡಿಸುತ್ತಿದ್ದ ರೇಡಿಯೋ ಸರ್ವಿಸ್ ಬುಲೆಟಿನ್‌ನಲ್ಲಿ ಅದರ ಹುಟ್ಟಿನ ದಾಖಲೆಯನ್ನು ಹುಡುಕಿ.

ಅರ್ಜಿಯ ಸಂಖ್ಯೆಯ ಮುಂದಿರುವ ಅಕ್ಷರಗಳನ್ನು ಕಲಿತುಕೊಂಡರೆ ಅರ್ಧ ಕೆಲಸ ಮುಗಿದಂತೆ. ಬಿಪಿ ಎಂದರೆ ನಿರ್ಮಾಣದ ಅನುಮತಿ, ಬಿಎಲ್ ಎಂದರೆ ಪರವಾನಗಿ, ಬಿಆರ್ ಎಂದರೆ ನವೀಕರಣ. ನಿಮಗೆ ಮುಖ್ಯವಾಗಿ ಬೇಕಾದವು ಬಿಎಎಲ್ ಮತ್ತು ಬಿಟಿಸಿ. ಬಿಎಎಲ್ ಇದ್ದಲ್ಲಿ ಪರವಾನಗಿಯೇ ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಗಿರುತ್ತದೆ. ಬಿಟಿಸಿ ಇದ್ದಲ್ಲಿ ಪರವಾನಗಿ ಹೊಂದಿದ ಕಂಪನಿ ಹಾಗೆಯೇ ಉಳಿದು, ಆ ಕಂಪನಿಯ ಮೇಲಿನ ಹಿಡಿತ ಮಾತ್ರ ಬದಲಾಗಿರುತ್ತದೆ. ಎರಡನೆಯದು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಇಪ್ಪತ್ತು ವರ್ಷ ಒಂದೇ ಕಂಪನಿಯ ಹೆಸರು ಕಂಡರೂ, ಆ ಅವಧಿಯಲ್ಲಿ ಷೇರುಗಳು ಮೂರು ಕುಟುಂಬಗಳ ಕೈ ದಾಟಿರಬಹುದು.

ಪ್ರತಿ ಮಾರಾಟಕ್ಕೂ ಮೂರು ದಿನಾಂಕಗಳಿರುತ್ತವೆ: ಅರ್ಜಿ ಹಾಕಿದ ದಿನ, ಎಫ್‌ಸಿಸಿ ಒಪ್ಪಿದ ದಿನ, ವ್ಯವಹಾರ ಪೂರ್ಣಗೊಂಡ ದಿನ. ಇವುಗಳ ನಡುವೆ ತಿಂಗಳುಗಳೇ ಕಳೆಯಬಹುದು, ಒಪ್ಪಿಗೆ ಸಿಕ್ಕ ಮೇಲೂ ವ್ಯವಹಾರ ಮುರಿದುಬೀಳಬಹುದು. ಚರಿತ್ರೆಯಲ್ಲಿ ನಮೂದಿಸಬೇಕಾದದ್ದು ಮೂರನೆಯ ದಿನಾಂಕ. ಅದು ಸಿಗದಿದ್ದರೆ ಒಪ್ಪಿಗೆಯ ದಿನಾಂಕವನ್ನು, ಅದು ಒಪ್ಪಿಗೆಯದೆಂದು ಸ್ಪಷ್ಟವಾಗಿ ಹೇಳಿ, ಬರೆಯಬೇಕು.

ಎಲ್ಲ ವರ್ಗಾವಣೆಯೂ ಮಾರಾಟವಲ್ಲ. ಮಾಲೀಕರೊಬ್ಬರು ತಮ್ಮ ಸ್ವಂತ ಹೆಸರಿನಲ್ಲಿದ್ದ ಪರವಾನಗಿಯನ್ನು ತಾವೇ ಕಟ್ಟಿದ ಕಂಪನಿಗೆ ವರ್ಗಾಯಿಸಿದರೆ ಕಡತದಲ್ಲಿ ಹೊಸ ಹೆಸರು ಕಾಣುತ್ತದೆ, ಆದರೆ ಮಾಲೀಕರು ಅವರೇ. ಇದಕ್ಕೆ ಬಳಸುವ ಅರ್ಜಿ 316ನೆಯ ನಮೂನೆಯ ಚಿಕ್ಕ ಅರ್ಜಿ. ನಿಜವಾದ ಮಾರಾಟಕ್ಕೆ 314 ಅಥವಾ 315ನೆಯ ನಮೂನೆ ಬಂದಿರುತ್ತದೆ. ಇನ್ನು ಕೆಲವೆಡೆ ‘ಅನೈಚ್ಛಿಕ’ ಎಂಬ ಅರ್ಥದ ಷರಾ ಇರುತ್ತದೆ. ಅದು ಕಂಡಾಗ ನಿಲ್ಲಿ. ಮಾಲೀಕರು ತೀರಿಕೊಂಡು ಪರವಾನಗಿ ಪತ್ನಿಯ ಅಥವಾ ಮರಣಶಾಸನ ನಿರ್ವಾಹಕರ ಹೆಸರಿಗೆ ಹೋಗಿರಬಹುದು, ಇಲ್ಲವೇ ಕಂಪನಿ ದಿವಾಳಿಯಾಗಿ ನ್ಯಾಯಾಲಯ ನೇಮಿಸಿದ ರಿಸೀವರ್, ಅಂದರೆ ಆಸ್ತಿಯ ಮೇಲ್ವಿಚಾರಕರ, ಕೈಗೆ ಬಂದಿರಬಹುದು. ಸಣ್ಣ ಊರಿನ ರೇಡಿಯೋ ಕೇಂದ್ರಗಳಲ್ಲಿ ಸ್ಥಾಪಕರ ಮರಣದ ನಂತರದ ಎರಡು ಮೂರು ವರ್ಷಗಳೇ ಬಹುಪಾಲು ಬದಲಾವಣೆಗಳ ಬೀಜ ಬಿದ್ದ ಕಾಲ ಎಂಬುದು ನನ್ನ ಅಭಿಪ್ರಾಯ. ಆ ವರ್ಷಗಳನ್ನು ಊರಿನ ಪತ್ರಿಕೆಯಲ್ಲಿ ಸಾಲುಸಾಲಾಗಿ ಓದಬೇಕು.

ಕಾರ್ಡುಗಳು ನಿಂತ ಮೇಲೆ, ಎಫ್‌ಸಿಸಿಯ ಗಣಕೀಕೃತ ದಾಖಲೆಗಳು ತುಂಬಿಕೊಳ್ಳುವವರೆಗೆ, 1980ರ ದಶಕವೂ 1990ರ ದಶಕದ ಆರಂಭವೂ ಖಾಲಿ ಖಾಲಿಯಾಗಿ ಕಾಣುತ್ತವೆ. ಈ ಖಾಲಿಯನ್ನು ತುಂಬಲು 1931ರಲ್ಲಿ ಆರಂಭವಾದ ಬ್ರಾಡ್‌ಕಾಸ್ಟಿಂಗ್ ಪತ್ರಿಕೆಯ ‘ಚೇಂಜಿಂಗ್ ಹ್ಯಾಂಡ್ಸ್’ ಅಂಕಣ ನೆರವಾಗುತ್ತದೆ. ಯಾವ ಕೇಂದ್ರವನ್ನು ಯಾರು ಯಾರಿಗೆ ಎಷ್ಟು ಡಾಲರಿಗೆ ಮಾರಿದರು, ಕೊಂಡವರ ಬಳಿ ಬೇರೆ ಯಾವ ಕೇಂದ್ರಗಳಿದ್ದವು, ದಳ್ಳಾಳಿ ಯಾರು ಎಂಬ ವಿವರಗಳು ಅಲ್ಲಿ ಬರುತ್ತಿದ್ದವು. ಪತ್ರಿಕೆಯ ಹಳೆಯ ಸಂಚಿಕೆಗಳೂ 1935ರಿಂದ 2010ರವರೆಗಿನ ಅದರ ವಾರ್ಷಿಕ ಪುಸ್ತಕಗಳೂ ವರ್ಲ್ಡ್ ರೇಡಿಯೋ ಹಿಸ್ಟರಿ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಬೆಲೆಯನ್ನು ತಪ್ಪದೆ ಬರೆದುಕೊಳ್ಳಿ. ಹಿಂದಿನ ಬೆಲೆಗಿಂತ ಕಡಿಮೆಗೆ ಮಾರಾಟವಾದ ಕೇಂದ್ರದ ಕಾರ್ಯಕ್ರಮ ಹೆಚ್ಚು ದಿನ ಹಾಗೆಯೇ ಉಳಿಯುವುದು ಅಪರೂಪ.

ಮಾರಾಟಗಳು ಏಕೆ ಕೆಲವು ವರ್ಷಗಳಲ್ಲಿ ಗುಂಪುಗಟ್ಟುತ್ತವೆ ಎಂಬುದಕ್ಕೆ ನಿಯಮಗಳಲ್ಲಿ ಉತ್ತರವಿದೆ. ಪರವಾನಗಿಗಳನ್ನು ಕೊಂಡು ಕೂಡಲೇ ಮಾರುವುದನ್ನು ತಡೆಯಲು 1962ರಲ್ಲಿ ತಂದ ನಿಯಮವು ಕೊಂಡವರು ಮೂರು ವರ್ಷ ಕೇಂದ್ರವನ್ನು ಇಟ್ಟುಕೊಳ್ಳಬೇಕೆಂದು ಬಯಸುತ್ತಿತ್ತು. 1982ರಲ್ಲಿ ಅದನ್ನು ತೆಗೆದರು. ಒಬ್ಬ ಮಾಲೀಕರು ದೇಶದಾದ್ಯಂತ ಏಳಕ್ಕಿಂತ ಹೆಚ್ಚು ಎಎಂ ಕೇಂದ್ರಗಳನ್ನು ಹೊಂದಬಾರದೆಂಬ ಮಿತಿ 1980ರ ದಶಕದ ಮಧ್ಯದಲ್ಲಿ ಹನ್ನೆರಡಕ್ಕೆ ಏರಿತು. 1996ರ ಟೆಲಿಕಮ್ಯುನಿಕೇಷನ್ಸ್ ಆ್ಯಕ್ಟ್ ದೇಶಮಟ್ಟದ ಮಿತಿಯನ್ನೇ ತೆಗೆದುಹಾಕಿತು. ನಿಮ್ಮ ಕೇಂದ್ರ 1996ರ ನಂತರದ ನಾಲ್ಕೈದು ವರ್ಷಗಳಲ್ಲಿ ಎರಡು ಮೂರು ಬಾರಿ ಕೈ ಬದಲಾಗಿದ್ದರೆ, ಅದು ಆ ಊರಿನ ಕಥೆಗಿಂತ ಹೆಚ್ಚಾಗಿ ದೊಡ್ಡ ಕಂಪನಿಗಳು ಒಂದನ್ನೊಂದು ಕೊಂಡ ಕಥೆಯಾಗಿರುತ್ತದೆ. ಇದರ ಜೊತೆಗೆ ಒಡೆತನ ಬದಲಾಗದೆಯೇ ದನಿ ಬದಲಾಗುವ ಒಂದು ಏರ್ಪಾಡೂ ಉಂಟು. ಪರವಾನಗಿ ಒಬ್ಬರ ಹೆಸರಿನಲ್ಲಿಯೇ ಇರುತ್ತದೆ, ಆದರೆ ಪ್ರಸಾರದ ಹೊತ್ತನ್ನೆಲ್ಲ ಒಪ್ಪಂದದ ಮೇಲೆ ಇನ್ನೊಬ್ಬರು ನಡೆಸುತ್ತಾರೆ. ಕಡತವನ್ನು ಮಾತ್ರ ನೋಡಿದವರಿಗೆ ಇದು ಕಾಣುವುದಿಲ್ಲ.

ಕಾರ್ಯಕ್ರಮದ ಜಾಡು

ಇಲ್ಲಿಂದ ಮುಂದೆ ಸರ್ಕಾರದ ನೆರವು ಕಡಿಮೆ. ಮೊದಲಿಗೆ ಒಂದು ಎಚ್ಚರಿಕೆ: 1950ರ ದಶಕಕ್ಕಿಂತ ಹಿಂದಿನ ಕೇಂದ್ರಕ್ಕೆ ಇಂದಿನ ಅರ್ಥದ ಫಾರ್ಮ್ಯಾಟನ್ನು ಹಚ್ಚಬೇಡಿ. ಆಗ ದಿನವನ್ನು ತುಂಡುತುಂಡಾಗಿ ಹಂಚುತ್ತಿದ್ದರು. ಷೆನಂಡೋವಾದ ಕೇಂದ್ರಗಳಲ್ಲಿ ಬೆಳಿಗ್ಗೆ ಹವಾಮಾನ ಮತ್ತು ಧಾರಣೆ, ಆಮೇಲೆ ಪ್ರಾರ್ಥನಾ ಗೀತೆ, ಪಿಟೀಲು ವಾದ್ಯದ ಹಳೆಯ ಹಾಡುಗಳು, ಬೀಜದ ಮಾತು, ಗೃಹಿಣಿಯರ ಹೊತ್ತು ಎಲ್ಲವೂ ಒಂದೇ ದಿನದಲ್ಲಿ ಇರುತ್ತಿದ್ದವು. ಹೆನ್ರಿ ಫೀಲ್ಡ್ ಅವರ ತಂಗಿ ಲಿಯಾನಾ ಡ್ರಿಫ್ಟ್‌ಮೈಯರ್ 1926ರಲ್ಲಿ ಕೆಎಫ್‌ಎನ್‌ಎಫ್‌ನಲ್ಲಿ ಆರಂಭಿಸಿದ ಅಡುಗೆ ಮತ್ತು ಮನೆವಾರ್ತೆಯ ಕಾರ್ಯಕ್ರಮ ‘ಕಿಚನ್ ಕ್ಲ್ಯಾಟರ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿ, ಬೇರೆ ಕೇಂದ್ರಗಳಿಗೂ ಹಬ್ಬಿ, ಸುಮಾರು ಆರು ದಶಕ ನಡೆಯಿತು. 1940ರ ದಶಕದಲ್ಲಿ ಐಕ್ ಎವರ್ಲಿ ಅವರ ಕುಟುಂಬ ಈ ಊರಿನ ರೇಡಿಯೋದಲ್ಲಿ ಹಾಡುತ್ತಿತ್ತು. ಮುಂದೆ ಎವರ್ಲಿ ಬ್ರದರ್ಸ್ ಎಂದು ಜಗತ್ತು ಗುರುತಿಸಿದ ಡಾನ್ ಮತ್ತು ಫಿಲ್ ಆಗ ಬಾಲಕರು. ಇದನ್ನೆಲ್ಲ ‘ಕಂಟ್ರಿ ಸಂಗೀತದ ಕೇಂದ್ರ’ ಎಂಬ ಮೂರು ಪದಗಳಿಗೆ ಇಳಿಸಿದರೆ ಸತ್ಯಕ್ಕೆ ಅನ್ಯಾಯವಾಗುತ್ತದೆ. ಆ ಕಾಲಕ್ಕೆ ಸಂಬಂಧಿಸಿದಂತೆ ಫಾರ್ಮ್ಯಾಟ್ ಎಂಬ ಅಂಕಣವನ್ನೇ ಬಿಟ್ಟು, ಒಂದು ಮಾದರಿ ದಿನದ ವೇಳಾಪಟ್ಟಿಯನ್ನು ಕೊಡುವುದು ಒಳ್ಳೆಯದು.

ಆ ವೇಳಾಪಟ್ಟಿ ಸಿಗುವುದು ಊರಿನ ಪತ್ರಿಕೆಯಲ್ಲಿ. ಬಹುತೇಕ ಪತ್ರಿಕೆಗಳು ಅಂದಂದಿನ ರೇಡಿಯೋ ಕಾರ್ಯಕ್ರಮಗಳನ್ನು ಗಂಟೆಗಂಟೆಯಂತೆ ಅಚ್ಚು ಹಾಕುತ್ತಿದ್ದವು. ಊರಿನ ಗ್ರಂಥಾಲಯದಲ್ಲಿ ಮೈಕ್ರೋಫಿಲ್ಮ್ ಇರುತ್ತದೆ. ಹಳೆಯ ಪತ್ರಿಕೆಗಳಲ್ಲಿ ಕೆಲವು ಲೈಬ್ರರಿ ಆಫ್ ಕಾಂಗ್ರೆಸ್‌ನ ಉಚಿತ ಸಂಗ್ರಹದಲ್ಲಿಯೂ ಸಿಗುತ್ತವೆ. ಎಲ್ಲ ವರ್ಷಗಳನ್ನೂ ಓದಲು ಹೋಗಬೇಡಿ. ಪ್ರತಿ ವರ್ಷದಿಂದ ಒಂದೇ ತಿಂಗಳಿನ ಒಂದು ಕೆಲಸದ ದಿನ ಮತ್ತು ಒಂದು ಭಾನುವಾರವನ್ನು ಆರಿಸಿ, ಅವುಗಳನ್ನು ಹೋಲಿಸಿ. ಎರಡು ವರ್ಷಗಳ ನಡುವೆ ದೊಡ್ಡ ವ್ಯತ್ಯಾಸ ಕಂಡಾಗ ಮಾತ್ರ ನಡುವಿನ ತಿಂಗಳುಗಳಿಗೆ ಇಳಿಯಿರಿ. ಕೆಲವು ಕೇಂದ್ರಗಳು ತಮ್ಮದೇ ಮಾಸಿಕವನ್ನು ಹೊರಡಿಸುತ್ತಿದ್ದವು. 1940ರ ದಶಕದಲ್ಲಿ ಆರಂಭವಾದ ಕೆಎಂಎ ಗೈಡ್‌ನಲ್ಲಿ ಕಾರ್ಯಕ್ರಮ ಪಟ್ಟಿಯ ಜೊತೆಗೆ ಉದ್ಘೋಷಕರ ಚಿತ್ರಗಳೂ ಅಡುಗೆಯ ವಿಧಾನಗಳೂ ಇರುತ್ತಿದ್ದವು.

ಟೆಲಿವಿಷನ್ ಬಂದು ರಾಷ್ಟ್ರೀಯ ಜಾಲಗಳ ನಾಟಕಗಳೂ ವಿನೋದಾವಳಿಗಳೂ ಅತ್ತ ಹರಿದ ಮೇಲೆ ಕೇಂದ್ರಗಳು ಒಂದೇ ಬಗೆಯ ಸಂಗೀತಕ್ಕೆ ಅಂಟಿಕೊಳ್ಳತೊಡಗಿದವು. ಜನಪ್ರಿಯ ಹಾಡುಗಳನ್ನು ಮತ್ತೆ ಮತ್ತೆ ಬಿತ್ತರಿಸುವ ಟಾಪ್ 40 ಪದ್ಧತಿ ರೂಪುಗೊಂಡ ಕೇಂದ್ರಗಳಲ್ಲಿ ಟಾಡ್ ಸ್ಟಾರ್ಜ್ ಅವರ ಕೆಒಡಬ್ಲ್ಯುಎಚ್ ಮುಖ್ಯವಾದದ್ದು. ಅದು ಷೆನಂಡೋವಾಕ್ಕೆ ಹತ್ತಿರದ ದೊಡ್ಡ ನಗರವಾದ ಒಮಾಹಾದಲ್ಲಿಯೇ ಇತ್ತು. ಈ ಕಾಲದಿಂದ ಮುಂದೆ ವಾರ್ಷಿಕ ಪುಸ್ತಕಗಳಲ್ಲಿ ಪ್ರತಿ ಕೇಂದ್ರದ ಹೆಸರಿನ ಮುಂದೆ ಫಾರ್ಮ್ಯಾಟಿನ ನಮೂದು ಸಿಗತೊಡಗುತ್ತದೆ. ಆದರೆ ಅದು ಕೇಂದ್ರದವರೇ ಕಳಿಸಿದ ಮಾಹಿತಿ, ಅಚ್ಚಾಗುವ ಹೊತ್ತಿಗೆ ಹಳೆಯದಾಗಿರಬಹುದು. ಕೆಲವು ಕೇಂದ್ರಗಳು ಹಳೆಯ ನಮೂದನ್ನು ವರ್ಷಗಟ್ಟಲೆ ತಿದ್ದದೆ ಬಿಡುತ್ತಿದ್ದವು. ಆದ್ದರಿಂದ ವಾರ್ಷಿಕ ಪುಸ್ತಕವನ್ನು ಸುಳಿವೆಂದು ತೆಗೆದುಕೊಳ್ಳಿ, ಸಾಕ್ಷ್ಯವೆಂದು ಅಲ್ಲ. ಸಾಕ್ಷ್ಯ ಬೇಕಾದರೆ ಅಂಗಡಿಗಳಲ್ಲಿ ಹಂಚುತ್ತಿದ್ದ ವಾರದ ಹಾಡುಗಳ ಪಟ್ಟಿ, ಜಾಹೀರಾತಿನ ದರಪಟ್ಟಿ, ಪತ್ರಿಕೆಯಲ್ಲಿ ಕೇಂದ್ರವೇ ಕೊಟ್ಟ ಜಾಹೀರಾತು ಇವುಗಳನ್ನು ಹುಡುಕಬೇಕು.

ಹೆಚ್ಚಿನವರು ಮುಟ್ಟದ ಒಂದು ಗಣಿ ಇದೆ. 1981ರಲ್ಲಿ ನಿಯಮಗಳನ್ನು ಸಡಿಲಿಸುವವರೆಗೆ ಪ್ರತಿ ಕೇಂದ್ರವೂ ನಿಮಿಷ ನಿಮಿಷದ ಕಾರ್ಯಕ್ರಮ ದಾಖಲೆಯನ್ನು ಇಡಬೇಕಿತ್ತು. ಪರವಾನಗಿಯ ನವೀಕರಣದ ಹೊತ್ತಿಗೆ ಎಫ್‌ಸಿಸಿ ಹಿಂದಿನ ಅವಧಿಯಿಂದ ವಾರದ ಏಳು ದಿನಗಳನ್ನು ಬೇರೆ ಬೇರೆ ತಿಂಗಳುಗಳಿಂದ ಆರಿಸಿ, ಆ ದಿನಗಳಲ್ಲಿ ಸುದ್ದಿ ಎಷ್ಟು, ಧರ್ಮ ಎಷ್ಟು, ಕೃಷಿ ಎಷ್ಟು, ಜಾಹೀರಾತು ಎಷ್ಟು ಎಂದು ಕೇಳುತ್ತಿತ್ತು. ಹೀಗೆ ಜೋಡಿಸಿದ ವಾರಕ್ಕೆ ಕಾಂಪೋಸಿಟ್ ವೀಕ್ ಎಂದು ಹೆಸರು. ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ದಾಖಲೆಗಾರದಲ್ಲಿ ಎಫ್‌ಸಿಸಿಯ ಹಳೆಯ ಕಡತಗಳು 173ನೆಯ ದಾಖಲೆ ಗುಂಪಿನಲ್ಲಿವೆ. ನಿಮ್ಮ ಕೇಂದ್ರದ ನವೀಕರಣದ ಅರ್ಜಿಗಳು ಅಲ್ಲಿ ಉಳಿದಿವೆಯೇ ಎಂದು ಮೊದಲೇ ಪತ್ರ ಬರೆದು ವಿಚಾರಿಸಿ. ಸಿಕ್ಕಿದರೆ, ಸರ್ಕಾರದ ಕಡತದಲ್ಲಿ ಕಾರ್ಯಕ್ರಮದ ಗುರುತು ಉಳಿದಿರುವ ಅಪರೂಪದ ಜಾಗ ಅದು. ಅದೇ ಊರಿನಲ್ಲಿರುವ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಪ್ರಸಾರ ಗ್ರಂಥಾಲಯವನ್ನೂ ಅದೇ ಪ್ರಯಾಣದಲ್ಲಿ ನೋಡಿ ಬರಬಹುದು.

ಧ್ವನಿಮುದ್ರಣಗಳು ಸಿಕ್ಕರೆ ಕೈಗೆ ಬಂದ ತಕ್ಷಣ ನುಡಿಸಿ ನೋಡುವ ಆಸೆಯನ್ನು ತಡೆದುಕೊಳ್ಳಿ. 1930 ಮತ್ತು 40ರ ದಶಕದ 16 ಇಂಚಿನ ತಟ್ಟೆಗಳ ಮೇಲ್ಪದರ ಸುಲಿದುಹೋಗುತ್ತಿರುತ್ತದೆ. ಯುದ್ಧದ ವರ್ಷಗಳ ಕೆಲವು ತಟ್ಟೆಗಳ ಒಳಗೆ ಇರುವುದು ಅಲ್ಯೂಮಿನಿಯಂ ಅಲ್ಲ, ಗಾಜು. 1970ರ ದಶಕದ ಟೇಪುಗಳು ಅಂಟಂಟಾಗಿ ಯಂತ್ರಕ್ಕೆ ಕಚ್ಚಿಕೊಳ್ಳಬಹುದು. ಇಂಥವನ್ನು ಪಳಗಿದ ಕೈಗಳೇ ಡಿಜಿಟಲ್ ರೂಪಕ್ಕೆ ತರಬೇಕು, ಮೊದಲ ಸಲ ನುಡಿಸುವುದೇ ಕೊನೆಯದಾಗಬಹುದು.

ಹಳೆಯ ಉದ್ಘೋಷಕರನ್ನೂ ತಂತ್ರಜ್ಞರನ್ನೂ ಜಾಹೀರಾತು ತರುತ್ತಿದ್ದವರನ್ನೂ ಮಾತನಾಡಿಸುವಾಗ ಇಸವಿಯನ್ನು ಕೇಳಬೇಡಿ. ಇಸವಿ ಯಾರಿಗೂ ನೆನಪಿರುವುದಿಲ್ಲ, ಆದರೂ ಗೌರವಕ್ಕಾಗಿ ಒಂದು ಇಸವಿಯನ್ನು ಹೇಳಿಬಿಡುತ್ತಾರೆ. ನೀವು ಸೇರಿದಾಗ ಬೆಳಗಿನ ಮೊದಲ ಕಾರ್ಯಕ್ರಮ ಯಾವುದಿತ್ತು, ಹೊಸ ಮಾಲೀಕರು ಬಂದ ದಿನ ಯಾರನ್ನು ಕೆಲಸದಿಂದ ತೆಗೆದರು, ಹಳೆಯ ಧ್ವನಿಮುದ್ರಿಕೆಗಳನ್ನು ಏನು ಮಾಡಿದರು ಎಂದು ಕೇಳಿ. ಸಿಕ್ಕ ಉತ್ತರವನ್ನು ಕಾರ್ಡಿನ ದಿನಾಂಕದೊಡನೆ ತಾಳೆ ನೋಡಿ ಇಸವಿಯನ್ನು ನೀವೇ ಕಂಡುಕೊಳ್ಳಬಹುದು. ಮಾತನ್ನು ಮುದ್ರಿಸಿಕೊಳ್ಳಲು ಒಪ್ಪಿಗೆ ಪಡೆಯುವುದನ್ನೂ, ಅವರು ಹೆಸರು ಬೇಡವೆಂದರೆ ಹೆಸರಿಲ್ಲದೆಯೇ ಬರೆಯುವುದನ್ನೂ ಮರೆಯಬಾರದು.

ಕೇಂದ್ರದ ಶಕ್ತಿ ಮತ್ತು ಪ್ರಸಾರದ ಹೊತ್ತನ್ನು ಕಾರ್ಯಕ್ರಮದ ಜೊತೆಯಲ್ಲಿಯೇ ಇಟ್ಟು ನೋಡಬೇಕು. ರಾತ್ರಿಯ ಹೊತ್ತು ಮಧ್ಯಮ ತರಂಗ ವಾತಾವರಣದ ಮೇಲ್ಪದರವಾದ ಅಯಾನುಗೋಳದಿಂದ ಪುಟಿದು ನೂರಾರು ಮೈಲಿ ಸಾಗಿ ದೂರದ ಕೇಂದ್ರಗಳಿಗೆ ಅಡಚಣೆ ಮಾಡುವುದರಿಂದ, ಅನೇಕ ಸಣ್ಣ ಕೇಂದ್ರಗಳಿಗೆ ಸೂರ್ಯಾಸ್ತದ ನಂತರ ಪ್ರಸಾರ ನಿಲ್ಲಿಸುವ ಷರತ್ತಿತ್ತು. ಡಿಸೆಂಬರಿನಲ್ಲಿ ಸಂಜೆ ಐದಕ್ಕೇ ಮುಚ್ಚುವ ಕೇಂದ್ರವು ಊರಿನ ಶಾಲೆಯ ರಾತ್ರಿಯ ಆಟವನ್ನು ಬಿತ್ತರಿಸಲಾರದು, ಆ ಆಟದ ಜಾಹೀರಾತೂ ಅದಕ್ಕೆ ಸಿಗದು. ಇನ್ನು 1230, 1240, 1340, 1400, 1450, 1490 ಕಿಲೋಹರ್ಟ್ಸ್ ಎಂಬ ಆರು ಸ್ಥಳೀಯ ಆವರ್ತನಗಳಲ್ಲಿ ದೇಶದಾದ್ಯಂತ ನೂರಾರು ಕೇಂದ್ರಗಳು ಕಿಕ್ಕಿರಿದಿರುವುದರಿಂದ, ಕತ್ತಲಾದ ಮೇಲೆ ಅವುಗಳ ದನಿ ಊರಿನ ಎಲ್ಲೆಯನ್ನು ದಾಟುವುದೇ ಕಷ್ಟ. ಮಾಲೀಕರ ಅಭಿರುಚಿ ಎಂದು ನಾವು ಭಾವಿಸುವ ಎಷ್ಟೋ ನಿರ್ಧಾರಗಳ ಹಿಂದೆ ಇಂಥ ಭೌತಿಕ ಕಾರಣವಿರುತ್ತದೆ.

ಎರಡನ್ನೂ ಜೋಡಿಸುವಾಗ

ಈಗ ಒಂದು ಉದ್ದನೆಯ ಹಾಳೆಯ ಮೇಲೆ ವರ್ಷಗಳನ್ನು ಬರೆದು, ಒಂದು ಬದಿಗೆ ಒಡೆತನದ ಬದಲಾವಣೆಗಳನ್ನೂ ಇನ್ನೊಂದು ಬದಿಗೆ ಕಾರ್ಯಕ್ರಮದ ಬದಲಾವಣೆಗಳನ್ನೂ ಗುರುತಿಸಿ. ಕಾರ್ಯಕ್ರಮದ ಪ್ರತಿ ತಿರುವಿನ ಮುಂದೆಯೂ, ಅದಕ್ಕೆ ಹಿಂದಿನ ಒಂದು ವರ್ಷದಲ್ಲಿ ಒಡೆತನ ಬದಲಾಗಿತ್ತೇ ಎಂದು ನೋಡಿ. ಬದಲಾಗಿದ್ದರೆ ಅದೇ ಕಾರಣವೆಂದು ಕೂಡಲೇ ತೀರ್ಮಾನಿಸಬೇಡಿ. ಷಿಕಾಗೋದ ಡಬ್ಲ್ಯುಎಲ್‌ಎಸ್ ದೊಡ್ಡ ಕೇಂದ್ರವಾದರೂ ಇಲ್ಲಿ ಒಳ್ಳೆಯ ಪಾಠ. ಸಿಯರ್ಸ್ ಕಂಪನಿ 1924ರಲ್ಲಿ ಆರಂಭಿಸಿದ ಆ ಕೇಂದ್ರವನ್ನು 1928ರಲ್ಲಿ ರೈತರ ಪತ್ರಿಕೆಯಾದ ಪ್ರೇರಿ ಫಾರ್ಮರ್ ಕೊಂಡುಕೊಂಡರೂ ರೈತರ ಕಾರ್ಯಕ್ರಮ ನಿಲ್ಲಲಿಲ್ಲ, ಇನ್ನೂ ಬೆಳೆಯಿತು. ರಾಷ್ಟ್ರೀಯ ಪ್ರಸಾರ ಜಾಲವಾದ ಎಬಿಸಿಯ ಪೂರ್ಣ ಒಡೆತನಕ್ಕೆ ಬಂದ ಬೆನ್ನಲ್ಲೇ 1960ರ ಮೇ ತಿಂಗಳಲ್ಲಿ ಅದು ರಾಕ್ ಸಂಗೀತಕ್ಕೆ ತಿರುಗಿತು. 1989ರಲ್ಲಿ ಮಾತಿನ ಕಾರ್ಯಕ್ರಮಗಳಿಗೆ ತಿರುಗಿದಾಗ ಮಾಲೀಕರು ಬದಲಾಗಿರಲಿಲ್ಲ. ಬದಲಾಗಿದ್ದದ್ದು ಸಂಗೀತದ ಕೇಳುಗರೆಲ್ಲ ಎಫ್‌ಎಂಗೆ ಹೋಗಿದ್ದ ಕಾಲ. 1987ರಲ್ಲಿ ಫೇರ್‌ನೆಸ್ ಡಾಕ್ಟ್ರಿನ್ ಎಂಬ ನಿಯಮ ರದ್ದಾದ ಮೇಲೆ, ವಾದದ ಎರಡೂ ಬದಿಗೆ ಅವಕಾಶ ಕೊಡಬೇಕಾದ ಹೊಣೆಯಿಲ್ಲದೆ ರಾಜಕೀಯ ಮಾತಿನ ಕಾರ್ಯಕ್ರಮಗಳು ಎಎಂನಲ್ಲಿ ಹಬ್ಬಿದ್ದನ್ನೂ ಇದೇ ಹಾಳೆಯಲ್ಲಿ ಗುರುತಿಸಿಕೊಳ್ಳಿ.

ಷೆನಂಡೋವಾದ ಜೋಡಿಯನ್ನು ಹೀಗೆ ಬರೆದಾಗ ಒಡೆತನದ ತೂಕ ಕಾಣುತ್ತದೆ. ಕೆಎಂಎ ಮೇ ಕುಟುಂಬದ ಬಳಿಯೇ ತಲೆಮಾರುಗಳ ಕಾಲ ಉಳಿಯಿತು. ಆ ಕಂಪನಿ 1949ರಲ್ಲಿ ಒಮಾಹಾದಲ್ಲಿ ಕೆಎಂಟಿವಿ ಎಂಬ ದೂರದರ್ಶನ ಕೇಂದ್ರವನ್ನು ಕಟ್ಟುವಷ್ಟು ಬೆಳೆದರೂ, ರೇಡಿಯೋದಲ್ಲಿ ಊರಿನ ಸುದ್ದಿ, ಕೃಷಿ ಮತ್ತು ಆಟಗಳ ಹೊತ್ತು ಮುಂದುವರಿಯಿತು. ಕೆಎಫ್‌ಎನ್‌ಎಫ್ ಮಾತ್ರ ಕೈ ಬದಲಾಗುತ್ತ ಹೋಗಿ, ಕೊನೆಗೆ ಬೇರೆಡೆ ತಯಾರಾದ ಧಾರ್ಮಿಕ ಪ್ರಸಾರವನ್ನು ಮರುಬಿತ್ತರಿಸುವ ಕೇಂದ್ರವಾಯಿತು. ಪರವಾನಗಿಯಲ್ಲಿ ಊರಿನ ಹೆಸರು ಉಳಿದರೂ ಊರಿನ ದನಿ ಅದರಲ್ಲಿ ಉಳಿಯಲಿಲ್ಲ. ನನಗೆ ಇದು ದುಃಖದ ಸಂಗತಿ. ಆದರೆ ಚರಿತ್ರೆಕಾರರು ಕೊಂಡವರನ್ನು ಮಾತ್ರ ದೂರುವುದು ಸರಿಯಲ್ಲ, ಏಕೆಂದರೆ ಮಾರುವವರಿಗೂ ತಮ್ಮದೇ ಕಾರಣಗಳಿರುತ್ತವೆ. ಕೇಂದ್ರವು ತನ್ನ ಊರಿನಲ್ಲಿ ಅಥವಾ ಅದರ ಬಳಿ ಮುಖ್ಯ ಸ್ಟುಡಿಯೋ ಇಟ್ಟುಕೊಳ್ಳಬೇಕೆಂಬ ನಿಯಮವನ್ನು ಎಫ್‌ಸಿಸಿ 2017ರಲ್ಲಿ ತೆಗೆದುಹಾಕಿದ ಮೇಲೆ, ದೂರದಿಂದ ನಡೆಸುವ ಕೇಂದ್ರಗಳಿಗೆ ದಾರಿ ಇನ್ನೂ ಸುಗಮವಾಯಿತು ಎಂಬುದನ್ನೂ ಬರೆಯಬೇಕು.

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ತೊಡಕು ಸೇರಿದೆ. 2009ರಿಂದ ಎಎಂ ಕೇಂದ್ರಗಳು ಎಫ್‌ಎಂ ಟ್ರಾನ್ಸ್‌ಲೇಟರ್ ಎಂಬ ಸಣ್ಣ ಪ್ರಸಾರ ಯಂತ್ರದ ಮೂಲಕ ತಮ್ಮ ಕಾರ್ಯಕ್ರಮವನ್ನು ಎಫ್‌ಎಂನಲ್ಲಿಯೂ ಕೇಳಿಸಬಹುದು. 2015ರ ಎಫ್‌ಸಿಸಿ ಆದೇಶ ಇದನ್ನು ಇನ್ನಷ್ಟು ಸುಲಭಗೊಳಿಸಿತು. ಹಾಗಾಗಿ ಅನೇಕ ಕೇಂದ್ರಗಳು ತಮ್ಮ ಎಎಂ ಆವರ್ತನವನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ, ಎಫ್‌ಎಂ ಸಂಖ್ಯೆಯನ್ನೇ ಹೆಸರಾಗಿ ಮಾಡಿಕೊಂಡಿವೆ. ಕಾನೂನಿನ ಕಣ್ಣಿನಲ್ಲಿ ಮುಖ್ಯ ಪರವಾನಗಿ ಈಗಲೂ ಎಎಂನದು. ನಿಮ್ಮ ಬರಹದಲ್ಲಿ ಎರಡೂ ಸಂಖ್ಯೆಗಳಿರಲಿ, ಟ್ರಾನ್ಸ್‌ಲೇಟರ್ ಆರಂಭವಾದ ವರ್ಷವೂ ಇರಲಿ.

ಮೌನವಾದ ಕೇಂದ್ರ

ಕೆಲವು ಕೇಂದ್ರಗಳ ಚರಿತ್ರೆಗೆ ಕೊನೆಯಿರುತ್ತದೆ. ಪಟ್ಟಣ ಬೆಳೆದಾಗ ಗೋಪುರಗಳು ನಿಂತ ಜಮೀನಿನ ಬೆಲೆ ಕೇಂದ್ರದ ಬೆಲೆಯನ್ನು ಮೀರಿಬಿಡುತ್ತದೆ, ಮಾಲೀಕರು ಜಮೀನನ್ನು ಮಾರುತ್ತಾರೆ. ಜಮೀನಿನ ಕ್ರಯಪತ್ರ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ವಿಭಾಗದ, ಕಚೇರಿಯಲ್ಲಿ ಸಿಗುತ್ತದೆ, ಅದನ್ನು ನೋಡದೆ ಮುಚ್ಚಿದ ಕಾರಣವನ್ನು ಬರೆಯಬಾರದು. ಸತತ ಹನ್ನೆರಡು ತಿಂಗಳು ಪ್ರಸಾರ ನಿಲ್ಲಿಸಿದ ಕೇಂದ್ರದ ಪರವಾನಗಿ ಕಾನೂನಿನ ಪ್ರಕಾರ ತಾನಾಗಿಯೇ ರದ್ದಾಗುವುದರಿಂದ, ಕೆಲವು ಮಾಲೀಕರು ವರ್ಷಕ್ಕೊಮ್ಮೆ ಕೆಲವು ದಿನ ಮಾತ್ರ ಪ್ರಸಾರ ಮಾಡಿ ಮತ್ತೆ ಮೌನಕ್ಕೆ ಹೋಗುವುದುಂಟು. ಆಗ ಎಫ್‌ಸಿಸಿಗೆ ಸಲ್ಲಿಸಿದ ಮೌನದ ಅನುಮತಿಯ ಪತ್ರಗಳಲ್ಲಿ ಕಾರಣವೂ ಬರೆದಿರುತ್ತದೆ: ಹಣವಿಲ್ಲ, ಯಂತ್ರ ಕೆಟ್ಟಿದೆ, ಜಾಗ ಕೈತಪ್ಪಿದೆ. ಪರವಾನಗಿ ಅಳಿಸಿದ ಮೇಲೆ ದಾಖಲೆಯಲ್ಲಿ ಕಾಲ್ ಸೈನಿನ ಮುಂದೆ ಡಿ ಅಕ್ಷರ ಸೇರುತ್ತದೆ, ಹುಡುಕುವಾಗ ಆ ಅಕ್ಷರವನ್ನು ಸೇರಿಸಿಯೂ ಹುಡುಕಬೇಕು. ಕೊನೆಯ ಪ್ರಸಾರದ ದಿನವೂ ಪರವಾನಗಿ ರದ್ದಾದ ದಿನವೂ ಒಂದೇ ಆಗಿರುವುದು ತೀರ ಅಪರೂಪ. ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ. ಕೊನೆಯ ದಿನ ಯಾವ ಕಾರ್ಯಕ್ರಮ ನಡೆಯಿತು, ಮೈಕಿನ ಮುಂದೆ ಯಾರಿದ್ದರು ಎಂಬುದನ್ನು ಕಂಡವರು ಊರಿನಲ್ಲಿ ಇರುವಾಗಲೇ ಕೇಳಿ ಬರೆದು, ನಿಮ್ಮ ಹಾಳೆಗಳ ಮತ್ತು ಧ್ವನಿಮುದ್ರಣಗಳ ಒಂದು ಪ್ರತಿಯನ್ನು ಆ ಊರಿನ ಗ್ರಂಥಾಲಯಕ್ಕೂ ಕೌಂಟಿಯ ಇತಿಹಾಸ ಸಂಘಕ್ಕೂ ಒಪ್ಪಿಸಿ.